ಚಪ್ಪಾಳೆ ಒಂದಕ್ಕೆ, ಪ್ರಶಸ್ತಿ ಇನ್ನೊಂದಕ್ಕೆ

ಓದುಗರ ಪತ್ರ: ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ನಾನು ತಪ್ಪದೆ ಹೋಗುವವನು. ಒಂದು ಸಲ ಕನ್ನಡ ಸ್ಪರ್ಧೆಯ ಸಿನಿಮಾವೊಂದಕ್ಕೆ ಹಾಲ್ ತುಂಬ ಚಪ್ಪಾಳೆ ಬಿತ್ತು. ಪ್ರಶಸ್ತಿ ಬಂದದ್ದು ಇನ್ನೊಂದಕ್ಕೆ. ಅದನ್ನು ನೋಡುವಾಗ ಜನ ಮಧ್ಯದಲ್ಲೇ ಎದ್ದು ಹೋಗಿದ್ದರು. ನಾಲ್ಕೈದು ತೀರ್ಪುಗಾರರು ಅಷ್ಟು ಜನರಿಗಿಂತ ದೊಡ್ಡವರಾ? ಕನ್ನಡಕ್ಕೆ ಬೇರೆ ಸ್ಪರ್ಧೆ ಯಾಕೆ ಬೇಕು, ಏಷ್ಯಾದ ಸಿನಿಮಾಗಳ ಜೊತೆ ನಿಲ್ಲೋಕೆ ಆಗಲ್ವಾ? ಗೆದ್ದ ಸಿನಿಮಾ ಆಮೇಲೆ ಎಲ್ಲಿ ಸಿಗುತ್ತೆ? ಪೋಸ್ಟರ್ ಮೇಲೆ ಉತ್ಸವದ ಹೆಸರಿನ ಸುತ್ತ ಹಾಕುವ ಆ ಎಲೆ ಗುರುತು ಇದ್ದರೆ ನಂಬಬಹುದಾ?
— ಒಬ್ಬ ಓದುಗ, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ: ನಮಸ್ಕಾರ ಸರ್. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ. ಆದರೂ ನೀವು ಕೇಳಿದ ಕ್ರಮದಲ್ಲೇ ಬರುತ್ತೇನೆ. ಇಲ್ಲದಿದ್ದರೆ ಜಾರಿಕೊಂಡೆ ಅಂತೀರಿ.

ಮೊದಲು ಚಪ್ಪಾಳೆ. ಕನ್ನಡ ಸ್ಪರ್ಧೆಯ ಸಿನಿಮಾಗಳ ಶೋಗೆ ಬರುವವರು ಯಾರು ಅಂತ ಒಮ್ಮೆ ಸುತ್ತ ನೋಡಿ. ಚಿತ್ರತಂಡ, ಅವರ ಮನೆಯವರು, ನೆಂಟರು, ಊರಿನಿಂದ ಬಂದ ಗೆಳೆಯರು. ಟೈಟಲ್‌ನಲ್ಲಿ ಛಾಯಾಗ್ರಾಹಕನ ಹೆಸರು ಬಂದರೂ ಒಂದು ಮೂಲೆಯಿಂದ ಶಿಳ್ಳೆ ಬೀಳುತ್ತದೆ. ಅದು ತಪ್ಪೇನಲ್ಲ, ನೋಡೋಕೆ ಖುಷಿಯೇ. ಆದರೆ ಆ ಸದ್ದನ್ನು ಓಟು ಅಂತ ಎಣಿಸೋಕಾಗಲ್ಲ. ಇನ್ನೊಂದು ವಿಷಯ. ಸ್ಪರ್ಧೆಯಲ್ಲಿರುವ ಎಲ್ಲ ಸಿನಿಮಾಗಳನ್ನೂ ನೋಡಲೇಬೇಕಾದವರು ತೀರ್ಪುಗಾರರು ಮಾತ್ರ. ನೀವೂ ನಾನೂ ಸಿಕ್ಕಷ್ಟನ್ನು ನೋಡಿರುತ್ತೇವೆ. ಉಳಿದ ಹೊತ್ತಿಗೆ ಪಕ್ಕದ ಸ್ಕ್ರೀನ್‌ನ ಇರಾನ್ ಸಿನಿಮಾಕ್ಕೋ, ಕಾಫಿಗೋ ಹೋಗಿರುತ್ತೇವೆ.

ಜನ ಎದ್ದು ಹೋದ ವಿಷಯಕ್ಕೆ ಒಂದು ಹಳೆಯ ಕಥೆ ಇದೆ. 1960ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಇಟಲಿಯ ನಿರ್ದೇಶಕ ಅಂತೋನಿಯೋನಿಯ ‘ಲಾವೆಂತುರಾ’ ತೋರಿಸಿದಾಗ ಸಭಿಕರು ಕೂಗಿ ಗೇಲಿ ಮಾಡಿದರು. ಮರುದಿನ ಹಲವು ನಿರ್ದೇಶಕರು, ವಿಮರ್ಶಕರು ಸೇರಿ ಸಿನಿಮಾದ ಪರ ಒಂದು ಹೇಳಿಕೆಗೆ ಸಹಿ ಹಾಕಿದರು. ಕೊನೆಗೆ ಅದಕ್ಕೆ ಜ್ಯೂರಿ ಪ್ರಶಸ್ತಿ ಸಿಕ್ಕಿತು. ಇವತ್ತು ಸಿನಿಮಾ ಕಲಿಸುವ ಕಡೆಯೆಲ್ಲ ಅದನ್ನು ತೋರಿಸುತ್ತಾರೆ. ಹಾಗಂತ ಜನ ಎದ್ದು ಹೋದದ್ದೆಲ್ಲ ದೊಡ್ಡ ಸಿನಿಮಾ ಅಂತಲ್ಲ. ಸುಮ್ನೆ ಬೋರ್ ಹೊಡೆಸುವ ಸಿನಿಮಾಗಳಿಗೂ ಪ್ರಶಸ್ತಿ ಬಂದಿದೆ. ನಿಮ್ಮದು ಆ ಜಾತಿಯದೇ ಇರಬಹುದು, ನಾನು ವಾದಕ್ಕೆ ಬರಲ್ಲ.

ತೀರ್ಪುಗಾರರ ಕೋಣೆಯೊಳಗೆ ನಡೆಯುವುದು ಅಂಕ ಕೂಡಿಸುವ ಕೆಲಸಕ್ಕಿಂತ ಜಾಸ್ತಿ ಮಾತುಕತೆ. ಇಬ್ಬರಿಗೆ ಒಂದು ಸಿನಿಮಾ ಪ್ರಾಣ, ಉಳಿದವರಿಗೆ ಅದು ಬೇಡವೇ ಬೇಡ. ಆಗ ಯಾರಿಗೂ ಪ್ರಾಣವಲ್ಲದ, ಯಾರಿಗೂ ಬೇಜಾರಿಲ್ಲದ ಮೂರನೆಯದು ಮೇಲೆ ಬರುತ್ತದೆ. ಇದರ ಜೊತೆಗೆ ಹಂಚುವ ಲೆಕ್ಕವೂ ಇರುತ್ತದೆ. 1991ರಲ್ಲಿ ‘ಬಾರ್ಟನ್ ಫಿಂಕ್’ ಕಾನ್‌ನಲ್ಲಿ ಅತಿ ದೊಡ್ಡ ಬಹುಮಾನವಾದ ಪಾಮ್ ದೋರ್, ಅತ್ಯುತ್ತಮ ನಿರ್ದೇಶಕ, ಅತ್ಯುತ್ತಮ ನಟ ಮೂರೂ ಪ್ರಶಸ್ತಿಗಳನ್ನು ಒಟ್ಟಿಗೇ ಬಾಚಿಕೊಂಡಿತು. ಆಮೇಲೆ ಅಲ್ಲಿ ಒಂದೇ ಸಿನಿಮಾಕ್ಕೆ ಎಲ್ಲ ಕೊಡದಂತೆ ನಿಯಮ ಬಿಗಿ ಮಾಡಿದರು. ಹಾಗಾಗಿ ಎರಡನೇ ಬಹುಮಾನದ ಸಿನಿಮಾ ಎಷ್ಟೋ ಸಲ ಅರ್ಧ ಜ್ಯೂರಿಗೆ ಮೊದಲನೆಯದೇ ಆಗಿರುತ್ತದೆ. ನಾನಂತೂ ಪಟ್ಟಿಯಲ್ಲಿ ಎರಡು, ಮೂರನೇ ಹೆಸರುಗಳನ್ನೇ ಮೊದಲು ನೋಡುವವನು.

ಜನರ ಓಟಿಗೂ ಜಾಗ ಇದೆ. ಟೊರಾಂಟೊ ಉತ್ಸವದಲ್ಲಿ ಎಲ್ಲರೂ ಕಾಯುವುದೇ ಪ್ರೇಕ್ಷಕರ ಪ್ರಶಸ್ತಿಗೆ. ರಾಟರ್‌ಡ್ಯಾಮ್‌ನಲ್ಲಿ ಸಿನಿಮಾ ಮುಗಿದ ಮೇಲೆ ಪ್ರೇಕ್ಷಕರೇ ಅಂಕ ಕೊಡುತ್ತಾರೆ. ನಮ್ಮ ಪಕ್ಕದ ತಿರುವನಂತಪುರದ ಉತ್ಸವದಲ್ಲೂ ಪಾಸ್ ಪಡೆದು ಬಂದ ಪ್ರತಿನಿಧಿಗಳು ಓಟು ಹಾಕಿ ಒಂದು ಸಿನಿಮಾವನ್ನು ಆರಿಸುತ್ತಾರೆ. ಜ್ಯೂರಿ ಒಂದು ಕಡೆ, ಜನ ಒಂದು ಕಡೆ, ಎರಡೂ ಇರಲಿ ಅನ್ನುವವನು ನಾನು. ಒಂದರ ಕೆಲಸ ಇನ್ನೊಂದು ಮಾಡೋಕಾಗಲ್ಲ.

ಈಗ ಕನ್ನಡದ ಪ್ರತ್ಯೇಕ ಸ್ಪರ್ಧೆ. ಬೆಂಗಳೂರಿನಲ್ಲಿ ಏಷ್ಯಾದ ಸಿನಿಮಾಗಳಿಗೆ ಒಂದು ಸ್ಪರ್ಧೆ, ಭಾರತದ ಸಿನಿಮಾಗಳಿಗೆ ‘ಚಿತ್ರಭಾರತಿ’, ಕನ್ನಡಕ್ಕೆ ಇನ್ನೊಂದು. ಕನ್ನಡಕ್ಕೆ ಬೇರೆ ಪಂಕ್ತಿ ಹಾಕಿ ಬಡಿಸುತ್ತಾರೆ ಅಂತ ನಿಮಗೆ ಅನ್ನಿಸಿದೆ. ಆದರೆ ಹೊರಗಿನ ಉತ್ಸವಗಳಲ್ಲಿ ಕನ್ನಡ ಸಿನಿಮಾ ಏನು ಮಾಡಿದೆ ನೋಡಿ. ‘ಸಂಸ್ಕಾರ’ 1972ರಲ್ಲೇ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಕಂಚಿನ ಚಿರತೆ ಪ್ರಶಸ್ತಿ ಗೆದ್ದಿತು. 2015ರಲ್ಲಿ ಅದೇ ಲೊಕಾರ್ನೊದಲ್ಲಿ ‘ತಿಥಿ’ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆಯನ್ನೂ, ಮೊದಲ ಸಿನಿಮಾದ ಪ್ರಶಸ್ತಿಯನ್ನೂ ತಂದಿತು. 2022ರಲ್ಲಿ ‘ಶಿವಮ್ಮ’ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಅದು ಏಷ್ಯಾದ ಹೊಸ ನಿರ್ದೇಶಕರ ನಡುವಿನ ಸ್ಪರ್ಧೆಯಾಗಿತ್ತು. 2024ರಲ್ಲಿ ಮೈಸೂರಿನ ಚಿದಾನಂದ ನಾಯ್ಕ ಅವರ ಕನ್ನಡ ಕಿರುಚಿತ್ರ ಕಾನ್‌ನ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಅಲ್ಲಿ ಸ್ಪರ್ಧಿಸಿದ್ದು ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳು. ನಿಲ್ಲೋಕೆ ಆಗಲ್ವಾ ಅಂತ ಕೇಳಿದಿರಲ್ಲ, ನಿಂತಾಗಿದೆ.

ತೊಡಕು ಇರುವುದು ಬೇರೆ ಕಡೆ. ದೊಡ್ಡ ಉತ್ಸವಗಳ ಮುಖ್ಯ ಸ್ಪರ್ಧೆಗೆ ಹೋಗಬೇಕಾದರೆ ಸಿನಿಮಾದ ಮೊದಲ ಪ್ರದರ್ಶನ ಅಲ್ಲೇ ಆಗಬೇಕು, ಇಲ್ಲವೇ ಕನಿಷ್ಠ ತನ್ನ ದೇಶದಿಂದ ಹೊರಗೆ ಮೊದಲ ಸಲ ಅಲ್ಲೇ ತೋರಿಸಿರಬೇಕು. ಬರ್ಲಿನ್ ಅಂಥ ಉತ್ಸವ ಈ ವಿಷಯದಲ್ಲಿ ಸಡಿಲ ಬಿಡಲ್ಲ. ಅದಕ್ಕೇ ಧೈರ್ಯ ಇರುವ ನಿರ್ದೇಶಕ ಸಿನಿಮಾ ಮುಗಿಸಿದ ಕೂಡಲೇ ಬೆಂಗಳೂರಿಗೆ ಕೊಡುವುದಿಲ್ಲ. ಹೊರಗಿನ ಉತ್ತರಗಳಿಗೆ ಕಾಯುತ್ತಾನೆ. ಅಲ್ಲಿ ಆಯ್ಕೆಯಾದರೆ ನಮಗೆ ಬರುವ ಹೊತ್ತಿಗೆ ಸಿನಿಮಾ ಹೆಸರು ಮಾಡಿರುತ್ತದೆ. ಆಗದಿದ್ದರೆ ಮೊದಲ ಪ್ರದರ್ಶನ ಇಲ್ಲೇ. ಹೊರಗೆ ಓಡಾಡಿಸುವ ಏಜೆಂಟು, ದುಡ್ಡು, ಪರಿಚಯ ಯಾವುದೂ ಇಲ್ಲದ ಹುಡುಗರಿಗೆ ಕನ್ನಡ ಸ್ಪರ್ಧೆ ಒಂದೇ ಬಾಗಿಲು. ಅದನ್ನು ಮುಚ್ಚಿದರೆ ಕಳೆದುಕೊಳ್ಳುವವರು ಅವರೇ. ಆದ್ದರಿಂದ ಅದು ಇರಲಿ. ನನ್ನದು ಒಂದೇ ಬೇಡಿಕೆ. ಕನ್ನಡ ಬಾರದ ಇಬ್ಬರಾದರೂ ಆ ಜ್ಯೂರಿಯಲ್ಲಿ ಕೂರಬೇಕು. ನಿರ್ದೇಶಕನ ಹಿನ್ನೆಲೆ, ಗುರುಗಳು, ಗೆಳೆಯರು ಯಾವುದೂ ಗೊತ್ತಿಲ್ಲದೆ ಬರೀ ತೆರೆಯ ಮೇಲಿನದನ್ನು ನೋಡುವವರು ಬೇಕು. ಆಗ ನಮ್ಮವರು ಸಬ್‌ಟೈಟಲ್ ಕೆಲಸವನ್ನೂ ಸ್ವಲ್ಪ ಗಂಭೀರವಾಗಿ ತಗೊಳ್ತಾರೆ. ಈಗ ಕೊನೆಯ ವಾರ ದುಡ್ಡು ಉಳಿದಿದ್ದರೆ ಮಾಡಿಸುವವರೇ ಜಾಸ್ತಿ.

ಇನ್ನು ಗೆದ್ದ ಸಿನಿಮಾ ಎಲ್ಲಿ ಸಿಗುತ್ತೆ ಅನ್ನೋದು. ಸರ್, ಇಲ್ಲೇ ನಾವು ಎಡವಿರುವುದು. ಲೊಕಾರ್ನೊದಲ್ಲಿ ಗೆದ್ದ ‘ತಿಥಿ’ ಮರುವರ್ಷ, 2016ರ ಮೇ ತಿಂಗಳಲ್ಲಿ, ನಮ್ಮ ಥಿಯೇಟರ್‌ಗಳಿಗೆ ಬಂತು. ಜನ ನುಗ್ಗಿ ನೋಡಿದರು. ಅದರಲ್ಲಿ ನಟಿಸಿದ ನೊದೆಕೊಪ್ಪಲು ಹಳ್ಳಿಯ ಜನ ತೆರೆಯ ಮೇಲೆ ಮಾತಾಡಿದ ಮಂಡ್ಯದ ಕನ್ನಡ ಕೇಳಿ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಬಿದ್ದು ಬಿದ್ದು ನಕ್ಕಿತು. ‘ಶಿವಮ್ಮ’ನ ಕಥೆ ಬೇರೆ. ಬೂಸಾನ್‌ನಲ್ಲಿ ಗೆದ್ದದ್ದು 2022ರ ಅಕ್ಟೋಬರ್‌ನಲ್ಲಿ, ಇಲ್ಲಿ ಬಿಡುಗಡೆಯಾದದ್ದು 2024ರ ಜೂನ್‌ನಲ್ಲಿ. ಅದರ ಹಿಂದೆ ರಿಷಬ್ ಶೆಟ್ಟಿ ಅಂಥ ನಿರ್ಮಾಪಕರಿದ್ದರೂ ಇಷ್ಟು ಹೊತ್ತು ಹಿಡಿಯಿತು. ಹೆಸರೂ ಇಲ್ಲ, ನಿರ್ಮಾಪಕರ ಬಲವೂ ಇಲ್ಲ ಅನ್ನುವವರ ಗತಿ ಏನು? ಎಷ್ಟೋ ಸಿನಿಮಾಗಳು ಉತ್ಸವದಲ್ಲಿ ಒಂದೆರಡು ಶೋ, ಆಮೇಲೆ ಸಬ್ಸಿಡಿ ಅರ್ಜಿ, ಅಲ್ಲಿಗೆ ಹಾರ್ಡ್‌ಡಿಸ್ಕ್ ಸೇರಿಬಿಡುತ್ತವೆ.

ಇದಕ್ಕೆ ಕಾರಣ ಇಂಥ ಸಿನಿಮಾಗಳಿಗೆ ನಮ್ಮಲ್ಲಿ ಪರದೆ ಇಲ್ಲದಿರುವುದು. ಕೋಲ್ಕತ್ತದಲ್ಲಿ 1985ರಿಂದ ಸರ್ಕಾರದ್ದೇ ಚಿತ್ರಮಂದಿರ ‘ನಂದನ್’ ಇದೆ. ಉತ್ಸವ ಮುಗಿದ ಮೇಲೂ ವರ್ಷವಿಡೀ ಅಲ್ಲಿ ಸಿನಿಮಾ ನಡೆಯುತ್ತದೆ, ಟಿಕೆಟ್ ದುಬಾರಿಯಲ್ಲ. ಕೇರಳದಲ್ಲಿ ಸರ್ಕಾರಿ ನಿಗಮದ ಥಿಯೇಟರ್‌ಗಳಿವೆ. ತಿರುವನಂತಪುರದ ಉತ್ಸವಕ್ಕೂ ಅವೇ ಆಸರೆ. ನಮ್ಮ ಉತ್ಸವ ಮಾಲ್ ಕಡೆ ಮುಖ ಮಾಡಿದೆ. ಅಲ್ಲಿ ಕುರ್ಚಿ, ಸೌಂಡು, ಪ್ರೊಜೆಕ್ಷನ್ ಎಲ್ಲ ಚೆನ್ನಾಗಿದೆ, ಮೆಟ್ರೋ ಕೂಡ ಹತ್ತಿರ. ಆದರೆ ಉತ್ಸವ ಮುಗಿದ ಮರುದಿನ ಅದೇ ಪರದೆಯಲ್ಲಿ ದೊಡ್ಡ ಬಜೆಟ್ಟಿನ ಸಿನಿಮಾ ಓಡುತ್ತದೆ. ಅವರ ವ್ಯಾಪಾರ ಅದು, ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ಸರ್ಕಾರವನ್ನು. ಉತ್ಸವ ನಡೆಯುವುದು ನಮ್ಮ ತೆರಿಗೆ ದುಡ್ಡಲ್ಲಿ. 2021ರಲ್ಲಿ ನಿರ್ಮಾಪಕರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯೂ ಬಂತು. ಅಷ್ಟು ಮಾಡಿದವರಿಗೆ ಗೆದ್ದ ಕನ್ನಡ ಸಿನಿಮಾಗಳನ್ನು ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರಿನಲ್ಲಿ ಒಂದೊಂದು ವಾರ ಓಡಿಸೋದು ಹೊರೆಯಾಗಲಾರದು. ಬಹುಮಾನದ ಚೆಕ್ಕಿಗಿಂತ ಅದೇ ನಿರ್ದೇಶಕನಿಗೆ ಜಾಸ್ತಿ ಉಪಯೋಗ. ಕಾನ್‌ನ ಪಾಮ್ ದೋರ್ ಜೊತೆ ಒಂದು ಪೈಸೆ ನಗದು ಬರುವುದಿಲ್ಲ, ಗೊತ್ತಾ? ಗೋವಾದ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಚಿನ್ನದ ನವಿಲಿಗೆ 40 ಲಕ್ಷ ರೂಪಾಯಿ ಇದೆ. ಆದರೂ ವಿತರಕರು ಓಡುವುದು ಕಾನ್‌ಗೆ. ಗೆದ್ದ ಸಿನಿಮಾ ಹತ್ತಾರು ದೇಶಗಳ ಥಿಯೇಟರ್ ಸೇರುವ ವ್ಯವಸ್ಥೆ ಅಲ್ಲಿದೆ.

ಸದ್ಯಕ್ಕೆ ನಿಮಗೆ ಬೇಕಾದರೆ ಬನಶಂಕರಿಯ ಸುಚಿತ್ರಾ ಕಡೆ ಕಣ್ಣಿಡಿ. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ ಅದು. ಥಿಯೇಟರ್‌ಗೆ ಬಾರದ ಸಿನಿಮಾಗಳನ್ನು ಬೆಂಗಳೂರಿಗೆ ತೋರಿಸಿದ್ದೇ ಅಂಥವರು.

ಕೊನೆಯದು ಎಲೆ ಗುರುತು. ಎಲೆಗಳ ನಡುವೆ ಏನು ಬರೆದಿದೆ ಅಂತ ಓದಿ. ‘ಅಫಿಷಿಯಲ್ ಸೆಲೆಕ್ಷನ್’ ಅಂದರೆ ಆಯ್ಕೆಯಾಗಿದೆ ಅಂತ ಅಷ್ಟೇ, ಗೆದ್ದಿದೆ ಅಂತಲ್ಲ. ಎಂಟ್ರಿ ಫೀ ಕಟ್ಟಿಸಿಕೊಂಡು ತಿಂಗಳು ತಿಂಗಳೂ ಹತ್ತಾರು ವಿಭಾಗಗಳಲ್ಲಿ ಪ್ರಶಸ್ತಿ ಹಂಚುವ ಆನ್‌ಲೈನ್ ‘ಉತ್ಸವ’ಗಳು ಬೇಕಾದಷ್ಟಿವೆ. ಅವಕ್ಕೆ ಹಾಲೂ ಇಲ್ಲ, ಪ್ರೇಕ್ಷಕರೂ ಇಲ್ಲ. ಪೋಸ್ಟರ್ ತುಂಬ ಎಲೆ ಕಂಡರೆ ಅದರಲ್ಲಿ ಒಂದು ಹೆಸರನ್ನು ಫೋನಲ್ಲಿ ಹುಡುಕಿ. ಯಾವ ಊರು, ಯಾವ ಥಿಯೇಟರ್, ತೀರ್ಪುಗಾರರು ಯಾರು ಅನ್ನೋದು ಎರಡು ನಿಮಿಷದಲ್ಲಿ ಸಿಗದಿದ್ದರೆ ಆ ಎಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫಿಪ್ರೆಸ್ಕಿ ಅಂತ ಇದ್ದರೆ ಅದು ಜಗತ್ತಿನ ಸಿನಿಮಾ ವಿಮರ್ಶಕರ ಒಕ್ಕೂಟ ಕೊಟ್ಟದ್ದು. ನೆಟ್‌ಪ್ಯಾಕ್ ಅಂತ ಇದ್ದರೆ ಏಷ್ಯಾದ ಸಿನಿಮಾಗಳಿಗೆಂದೇ ಇರುವ ಸಂಸ್ಥೆಯದು. ಈ ಎರಡರಲ್ಲಿ ಒಂದು ಕಂಡರೂ ಟಿಕೆಟ್ ತಗೊಳ್ಳಿ. ಇಷ್ಟವಾಗದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ.