ಮೂವರೂ ಒಂದೇ ಆಟಕ್ಕೆ ಕೂರಲಿ

ಬಡಾವಣೆಯ ಸಭಾಭವನದಲ್ಲಿ ಭಾನುವಾರ ಆಟ ಆಡಿಸಬೇಕು, ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ಹಿರಿಯರು, ಕಣ್ಣು ಕಾಣದ ಯುವಕ, ಬುದ್ಧಿಮಾಂದ್ಯತೆಯಿರುವ ಹುಡುಗಿ ಬರುತ್ತಾರೆ, ಏನು ಆಡಿಸಲಿ ಎಂದು ಕೇಳಿದ್ದೀರಿ. ನಾನು ವಿಶೇಷ ಶಾಲೆಯ ಶಿಕ್ಷಕಿ. ನನ್ನ ಸಲಹೆ: ಮೊದಲು ಚೌಕಾಬಾರ ಹಾಸಿ.

ದಪ್ಪ ರಟ್ಟಿನ ಮೇಲೆ ಐದಕ್ಕೆ ಐದು ಮನೆ ಬರೆದು, ಗೆರೆಗಳ ಮೇಲೆ ಸೆಣಬಿನ ದಾರ ಅಂಟಿಸಿ. ಕಾಯಿ ಕಡಿಯಲಾಗದ ಕಟ್ಟೆಮನೆಗಳಿಗೆ ಒರಟು ಬಟ್ಟೆಯ ತುಂಡು ಹಚ್ಚಿ. ಒಬ್ಬರಿಗೆ ಹುಣಸೆಬೀಜ, ಇನ್ನೊಬ್ಬರಿಗೆ ಅಂಗಿಯ ಗುಂಡಿ, ಮತ್ತೊಬ್ಬರಿಗೆ ಅಡಿಕೆ ಕೊಟ್ಟರೆ ಕಾಯಿ ಯಾರದೆಂದು ಬೆರಳಿಗೇ ತಿಳಿಯುತ್ತದೆ. (ಬಳೆಚೂರು ಬೇಡ, ಕೊಯ್ಯುತ್ತದೆ.) ತಡವುವಾಗ ಕಾಯಿ ಜರುಗದಂತೆ ಅಡಿಯಲ್ಲಿ ವೆಲ್ಕ್ರೋ ಇರಲಿ. ಕವಡೆಯ ಬೆನ್ನು ನುಣುಪು, ಬಾಯಿ ಸೀಳು. ಬಿದ್ದ ಗರವನ್ನು ಆ ಯುವಕ ತಾನೇ ಮುಟ್ಟಿ ಎಣಿಸುತ್ತಾನೆ. ಹಿರಿಯರಿಗೆ ಕವಡೆಯನ್ನು ಸ್ಟೀಲ್ ಲೋಟಕ್ಕೆ ಹಾಕಿಕೊಡಿ, ಕುಲುಕಿ ಬೋರಲು ಹಾಕಲಿ. ಸ್ವಾಧೀನವಿಲ್ಲದ ಕೈಯನ್ನೂ ಲೋಟಕ್ಕೆ ಆನಿಸಬಹುದೇ ಎಂದು ಅವರ ಆಕ್ಯುಪೇಷನಲ್ ಥೆರಪಿಸ್ಟರನ್ನು (ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಚಿಕಿತ್ಸಕರು) ಕೇಳಿಕೊಳ್ಳಿ. ಹುಡುಗಿಗೆ ನಾಲ್ಕರ ಬದಲು ಎರಡೇ ಕಾಯಿ ಸಾಕು, ಕಾಯಿ ನಡುಮನೆ ಸೇರಿ ಹಣ್ಣಾಗುವ ಹೊತ್ತಿಗೆ ಅವಳಿಗೆ ಬೇಸರ ಬಂದಿರಬಾರದು. ಕರುಣೆಯಿಂದ ಮಾತ್ರ ಯಾರನ್ನೂ ಗೆಲ್ಲಿಸಬೇಡಿ; ಕಾಯಿ ಕಡಿಯುವ ಅವಕಾಶವಿದ್ದಾಗ ಕಡಿಯಿರಿ. ಅರವತ್ತು ದಾಟಿದವರ ಕೈಗೆ ಬಣ್ಣ ತುಂಬುವ ಮಕ್ಕಳ ಪುಸ್ತಕ ಕೊಡುವುದನ್ನಂತೂ ನಾನು ಒಪ್ಪುವುದಿಲ್ಲ.

ಎದ್ದು ಓಡಾಡದೆ ಆಡುವ ಎಸೆತದ ಆಟ ಬೇಕಿದ್ದರೆ ಬೋಚಿಯಾ ಇದೆ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಆಟ ಇದು. ಬಿಳಿ ಚೆಂಡಿನ ಸಮೀಪಕ್ಕೆ ತಮ್ಮ ಚೆಂಡುಗಳನ್ನು ಕಳಿಸಬೇಕು, ಪ್ರತಿ ಬದಿಗೂ ಆರು ಚೆಂಡು. ಎಸೆಯಲಾಗದವರು ಇಳಿಜಾರಿನ ಮೇಲಿಂದ ಉರುಳಿಸಬಹುದು. ಉದ್ದಕ್ಕೆ ಸೀಳಿದ ಅಗಲವಾದ ಪಿವಿಸಿ ಪೈಪು ಮತ್ತು ಟೆನಿಸ್ ಚೆಂಡು ನಿಮಗೆ ಸಾಕಾಗುತ್ತದೆ.

ಯುವಕನಿಗೆ ಕ್ರಿಕೆಟ್ ಹುಚ್ಚಿದ್ದರೆ ಅಂಗವಿಕಲರಿಗಾಗಿ ದುಡಿಯುವ ಬೆಂಗಳೂರಿನ ಸಮರ್ಥನಂ ಸಂಸ್ಥೆಯನ್ನು ವಿಚಾರಿಸಿ. ಅಂಧರ ಕ್ರಿಕೆಟ್‌ನಲ್ಲಿ ಗಲಗಲ ಸದ್ದು ಮಾಡುವ ಪ್ಲಾಸ್ಟಿಕ್ ಚೆಂಡನ್ನು ಕೈ ಕೆಳಗಿನಿಂದ ಎಸೆಯುತ್ತಾರೆ. ಓದುವ ಹವ್ಯಾಸವಿದ್ದರೆ ಕಣ್ಣು ಕಾಣದವರಿಗೂ ಓದಲಾಗುವ ಪುಸ್ತಕಗಳಿರುವ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ.

ಸಭಾಭವನದ ಸಮಿತಿಯವರು ಜಾಗ ಕೊಡಲು ಗೊಣಗಿದರೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯನ್ನು ತೋರಿಸಿ; 29ನೆಯ ಕಲಮು ಸಂಸ್ಕೃತಿ ಮತ್ತು ಮನರಂಜನೆಯ ಬಗ್ಗೆಯೇ ಇದೆ. ಅದಕ್ಕೂ ಮೊದಲು ಶೌಚಾಲಯದ ಬಾಗಿಲಿನ ಅಗಲ ಅಳೆಯಿರಿ, ಗಾಲಿಕುರ್ಚಿಯವರು ಮುಂದಿನ ವಾರವೇ ಬರಬಹುದು.