ಯಜಮಾನರ ಪರವಾಗಿ ಎರಡು ಮಾತು

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರಾದ ಮೇಲೆ ‘ಗಣೇಶನ ಮದುವೆ’, ‘ತಿಥಿ’ ಇಂಥ ನಾಲ್ಕೈದು ಸಿನಿಮಾಗಳನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂರುತ್ತಾರೆ. ಕಥೆ ಗೊತ್ತಿದ್ದ ಮೇಲೆ ನೋಡುವುದಕ್ಕೇನಿರುತ್ತದೆ? ನಗಬೇಕೆಂದರೆ ಮೊಬೈಲಿನಲ್ಲಿ ಎರಡು ನಿಮಿಷದ ಹಾಸ್ಯದ ತುಣುಕುಗಳಿವೆಯಲ್ಲ! ನೀವಾದರೂ ಬುದ್ಧಿ ಹೇಳಿ.
– ಓದುಗರೊಬ್ಬರು, ಹಾಸನ

ಉತ್ತರ: ಅಮ್ಮಾ, ಮನೆಯಲ್ಲಿರುವುದು ಒಂದೇ ಟಿ.ವಿ.ಯಾದರೆ ನಿಮ್ಮ ಸಂಕಟ ಅರ್ಥವಾಗುತ್ತದೆ. ಹೊಸ ನಿರ್ದೇಶಕರಿಗೂ ಪ್ರೇಕ್ಷಕರು ಬೇಕು, ಒಪ್ಪಿದೆ. ಇಷ್ಟು ಹೇಳಿ ನಾನು ನಿಮ್ಮ ಯಜಮಾನರ ಪಕ್ಕದಲ್ಲಿ ಹೋಗಿ ಕೂರುತ್ತೇನೆ.

ಕಥೆ ಗೊತ್ತಿದ್ದರೆ ನೋಡಬಾರದು ಎಂದಿದ್ದರೆ ನಮ್ಮಲ್ಲಿ ಬಯಲಾಟವೇ ಉಳಿಯುತ್ತಿರಲಿಲ್ಲ. ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಗದಾಯುದ್ಧ ನೋಡಿದ್ದಾರೆ. ಸಿನಿಮಾದಲ್ಲಿ ಇನ್ನೊಂದು ವಿಷಯವೂ ಇದೆ. ಹತ್ತಾರು ಪಾತ್ರಗಳು ಸೇರಿ ಎಳೆಯುವ ಚಿತ್ರದಲ್ಲಿ ಮೊದಲ ಸಲ ಎಲ್ಲರನ್ನೂ ನೋಡಲು ಸಾಧ್ಯವೇ ಇಲ್ಲ. ಕಣ್ಣು ಯಾರಾದರೊಬ್ಬರ ಹಿಂದೆ ಹೋಗಿಬಿಡುತ್ತದೆ. 1990ರ ‘ಗಣೇಶನ ಮದುವೆ’ಯಲ್ಲಿ ಎಲ್ಲರೂ ಅನಂತನಾಗ್ ಅವರನ್ನು ನೋಡುತ್ತಾರೆ, ಸರಿ. ಮುಂದಿನ ಸಲ ಮುಖ್ಯಮಂತ್ರಿ ಚಂದ್ರು ಅವರನ್ನು ಮಾತ್ರ ನೋಡಿ, ವಿಶೇಷವಾಗಿ ಅವರಿಗೆ ಮಾತಿಲ್ಲದ ಕಡೆ.

‘ತಿಥಿ’ಯಂತೂ ಒಂದು ಸಲ ನೋಡಿ ಮುಗಿಸುವ ಚಿತ್ರವೇ ಅಲ್ಲ. ನಿರ್ದೇಶಕ ರಾಮ್ ರೆಡ್ಡಿ ಮತ್ತು ಸಹಲೇಖಕ ಈರೇಗೌಡ ಮಂಡ್ಯ ಸೀಮೆಯ ನೊದೆಕೊಪ್ಪಲಿನ ಸುತ್ತ ಕಟ್ಟಿದ ಕಥೆ. ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಹಳ್ಳಿಯ ಜನರೇ ಪಾತ್ರಧಾರಿಗಳು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಆಮೇಲೆ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಾಗ ನಾವೆಲ್ಲ ಗಡ್ಡಪ್ಪನಿಗೆ ಮರುಳಾದೆವು. ಜೇಬಿನಲ್ಲಿ ಬ್ರಾಂಡಿ, ಮುಖದಲ್ಲಿ ಗಡ್ಡ, ಆಸ್ತಿಯ ಮೇಲೆ ಕಿಂಚಿತ್ತೂ ಆಸೆಯಿಲ್ಲ. ನೂರು ದಾಟಿದ ತಂದೆ ಸೆಂಚುರಿ ಗೌಡ ಸತ್ತರೂ ತಲೆ ಕೆಡಿಸಿಕೊಳ್ಳದ ವಿರಾಗಿ! ಬದುಕಿರುವ ತಂದೆಗೇ ಮರಣಪತ್ರ ಮಾಡಿಸಿ ಜಮೀನು ಮಾರಲು ಹೊರಟ ಗಡ್ಡಪ್ಪನ ಮಗ ತಮ್ಮಣ್ಣ ನಮಗೆ ಬರೀ ಕಳ್ಳನಂತೆ ಕಂಡ.

ಮತ್ತೆ ನೋಡಿದಾಗ ಲೆಕ್ಕ ತಿರುಗಿಬೀಳುತ್ತದೆ. ಆ ಮನೆಯಲ್ಲಿ ಕೆಲಸ ಮಾಡುವವನು ಯಾರು? ತಮ್ಮಣ್ಣನೊಬ್ಬನೇ. ಅಪ್ಪ ಹೊಲದಲ್ಲಿ ಅಲೆಯುತ್ತಾನೆ, ಮಗ ಅಭಿ ಕುರಿಗಾಹಿಗಳ ಹುಡುಗಿ ಕಾವೇರಿಯ ಹಿಂದೆ ಅಲೆಯುತ್ತಾನೆ. ಕಮಲಕ್ಕನ ಬಳಿ ಸಾಲ ಮಾಡುವವನು, ಹನ್ನೊಂದನೆಯ ದಿನ ಊರಿಗೆಲ್ಲ ಬಾಡೂಟ ಹಾಕಬೇಕಾದವನು ತಮ್ಮಣ್ಣ. ಗಡ್ಡಪ್ಪನ ವೈರಾಗ್ಯದ ಖರ್ಚೆಲ್ಲ ಅವನ ತಲೆಯ ಮೇಲೆ. ಇನ್ನು, ಕುರಿಗಾಹಿಗಳ ನಡುವೆ ಕುಳಿತು ಗಡ್ಡಪ್ಪ ತನ್ನ ತಂದೆಯ ಬಗ್ಗೆ ಹೇಳುವುದನ್ನು ಒಮ್ಮೆ ಕೇಳಿದವರು ಸಿನಿಮಾದ ಆರಂಭಕ್ಕೆ ಹಿಂತಿರುಗಲಿ. ದಾರಿಹೋಕರನ್ನೆಲ್ಲ ಬೈಯುತ್ತಾ ಕೂತ ಸೆಂಚುರಿ ಗೌಡನನ್ನು ನೋಡಿ ಮೊದಲಿನಂತೆ ನಗಲು ಆಗುವುದಿಲ್ಲ.

ನಿಮ್ಮ ಎರಡು ನಿಮಿಷದ ತುಣುಕಿನಲ್ಲಿ ಇರುವುದು ಆ ಬೈಗುಳ ಮಾತ್ರ ತಾಯೀ. ನಗು ಬಂದದ್ದು ಎಲ್ಲಿಂದ ಎಂಬುದನ್ನು ಕತ್ತರಿಸಿ ಎಸೆದಿರುತ್ತಾರೆ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ನಮ್ಮ ಚಿತ್ರರಂಗ ಮಾಡಿದ್ದೂ ಅದನ್ನೇ. ‘ತಿಥಿ’ ಗೆದ್ದದ್ದೇ ತಡ, ಆ ಇಬ್ಬರು ಅಜ್ಜಂದಿರನ್ನು ಎತ್ತಿಕೊಂಡು ಹೋಗಿ ಬೇರೆ ಬೇರೆ ಸಿನಿಮಾಗಳಲ್ಲಿ ನಿಲ್ಲಿಸಿದರು, ಪೋಸ್ಟರಿಗೆ ಹಾಕಿದರು. ಅವರ ಸುತ್ತ ಇದ್ದ ಊರನ್ನು ಕರೆದೊಯ್ಯಲು ಯಾರಿಗೂ ತೋಚಲಿಲ್ಲ. ಊರಿಲ್ಲದ ಗಡ್ಡಪ್ಪ ಬರೀ ಗಡ್ಡ. ಪೋಷಕ ನಟರೆಂದರೆ ನಾಯಕನ ಪ್ರವೇಶಕ್ಕೆ ಚಪ್ಪಾಳೆ ತಟ್ಟುವವರು ಎಂಬ ತಿಳಿವಳಿಕೆ ಇರುವ ಕಡೆ ಇನ್ನೇನಾಗುತ್ತದೆ? ಮನೆಯಲ್ಲಿ ನೋಡುವಾಗಲೂ ಅಷ್ಟೇ. ಕಲಾವಿದರ ಹೆಸರುಗಳು ಪರದೆಯ ಮೇಲೆ ಏರತೊಡಗುವಷ್ಟರಲ್ಲಿ ಮುಂದಿನ ಸಿನಿಮಾದ ಜಾಹೀರಾತು ಬಂದು ಅವರನ್ನು ಮೂಲೆಗೆ ತಳ್ಳಿರುತ್ತದೆ. ಕಮಲಕ್ಕನ ಪಾತ್ರ ಮಾಡಿದವರ ಹೆಸರು ಓದಲು ಎಷ್ಟು ಜನ ಕಾದಿದ್ದೀರಿ?

ಮುಂದಿನ ಸಲ ಯಜಮಾನರು ‘ತಿಥಿ’ ಹಾಕಿದಾಗ ನೀವೂ ಕೂತುಕೊಳ್ಳಿ. ತಮ್ಮಣ್ಣನ ವಿಷಯದಲ್ಲಿ ಅವರಿಗೆ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಬರೆದು ಕಳುಹಿಸಲಿ, ಪ್ರಕಟಿಸುತ್ತೇವೆ. ಮುನ್ನೂರು ಪದ ಮೀರಬಾರದು. ಆ ನಿಯಮ ಸಂಪಾದಕರಿಗೆ ಅನ್ವಯಿಸುವುದಿಲ್ಲ.