ಮೂರು ಯಂತ್ರ, ನಾಲ್ಕು ಜನ, ಒಂದು ನಿಕ್ಸ್‌ಓಎಸ್ ರೆಪೊ

ನಿಮ್ಮ ಪ್ರಶ್ನೆ ಓದಿದೆ. ಡೆಸ್ಕ್‌ಟಾಪ್, ನಿಮ್ಮ ಲ್ಯಾಪ್‌ಟಾಪ್, ಊರಲ್ಲಿ ಅಪ್ಪನ ಹಳೇ ಲ್ಯಾಪ್‌ಟಾಪ್, ಮೂರರಲ್ಲೂ ನಿಕ್ಸ್‌ಓಎಸ್, ಅಂದರೆ ಇಡೀ ಸಿಸ್ಟಮನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದಿಡುವ ಲಿನಕ್ಸ್. ಒಂದೇ ಕಾನ್ಫಿಗರೇಶನ್ ಫೈಲನ್ನು ಮೂರೂ ಕಡೆ ನಕಲು ಮಾಡಿದ್ದಿರಿ, ಆರು ತಿಂಗಳಲ್ಲಿ ಮೂರೂ ಮೂರು ದಿಕ್ಕಿಗೆ ಹೋಗಿವೆ. ಈಗ ಎಲ್ಲವೂ ಒಂದೇ ಗಿಟ್ ರೆಪೊದಲ್ಲಿ (ಬದಲಾವಣೆಗಳ ದಾಖಲೆ ಇಡುವ ಫೋಲ್ಡರ್) ಇರಬೇಕು, ಆದರೆ ಡೆಸ್ಕ್‌ಟಾಪ್ ಬಳಸುವ ತಮ್ಮ ಮತ್ತು ನಿಮ್ಮ ಹೆಂಡತಿಯ ಸೆಟ್ಟಿಂಗ್ ಅವರವರ ಕೈಯಲ್ಲಿರಬೇಕು. ಇಷ್ಟೇ ಅಲ್ವಾ? ಫೋನಿನಲ್ಲಿ ಬರೆಯುತ್ತಿದ್ದೇನೆ, ಕೋಡ್ ಹಾಕುವುದಿಲ್ಲ. ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ಹುಡುಕಿಕೊಳ್ಳಿ.

ನಾನು ಇದನ್ನು ಎರಡು ಸಲ ಕಟ್ಟಿದ್ದೇನೆ, ಒಂದು ಸಲ ಕೆಡವಿದ್ದೇನೆ. ಮೊದಲ ಸಲ ಮೂರೂ ಯಂತ್ರಗಳಲ್ಲಿ ಒಂದೇ ಥರ ಕಂಡದ್ದನ್ನೆಲ್ಲ "ಕಾಮನ್" ಅಂತ ಒಂದು ಫೈಲಿಗೆ ತುಂಬಿದ್ದೆ. ಅದೇ ತಪ್ಪಾಯಿತು. ಇವತ್ತು ಒಂದೇ ಥರ ಇದೆ ಅಂದ ಮಾತ್ರಕ್ಕೆ ನಾಳೆಯೂ ಹಾಗೇ ಇರಬೇಕು ಅಂತಿಲ್ಲ. ಒಂದೊಂದು ಸಾಲಿಗೂ ಕೇಳಿಕೊಳ್ಳಿ: ಇದು ಬದಲಾದರೆ ಯಾರಿಂದ ಬದಲಾಗುತ್ತದೆ? ಯಂತ್ರದಿಂದಲಾ, ಒಬ್ಬ ಮನುಷ್ಯನಿಂದಲಾ, ಇಡೀ ಮನೆಯಿಂದಲಾ?

ಕನ್ನಡ ಟೈಪಿಂಗ್ ಇದಕ್ಕೆ ಒಳ್ಳೇ ಉದಾಹರಣೆ. ನೋಟೊ, ಲೋಹಿತ್ ಫಾಂಟುಗಳು, ಟೈಪ್ ಮಾಡಲು ಐಬಸ್, ಅದರ ಎಂ17ಎನ್ ಎಂಜಿನ್ ಇವೆಲ್ಲ ಮನೆಯವು. ಎಲ್ಲ ಯಂತ್ರದಲ್ಲೂ ಇರಲಿ. ಆದರೆ ನಮ್ಮಪ್ಪನಿಗೆ ನುಡಿಯ ಕೆಜಿಪಿ ಕೀಲಿಮಣೆಯೇ ಬೇಕು, ನನಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಐಟ್ರಾನ್ಸ್ ಬಿಟ್ಟರೆ ಬೆರಳು ಓಡುವುದಿಲ್ಲ. ಆ ಆಯ್ಕೆ ಮನುಷ್ಯನದ್ದು, ಅವರವರ ಹೋಮ್ ಮ್ಯಾನೇಜರ್ (ಒಬ್ಬೊಬ್ಬ ಬಳಕೆದಾರರ ಸೆಟ್ಟಿಂಗ್ ನೋಡಿಕೊಳ್ಳುವ ಸಾಧನ) ಫೈಲಿಗೆ ಹೋಗಬೇಕು. ಡೆಸ್ಕ್‌ಟಾಪ್ ಪರಿಸರ ಗ್ನೋಮ್ ಆಗಿದ್ದರೆ ಅಲ್ಲೇ ಅದರ ಡಿಕಾನ್ಫ್ ಸೆಟ್ಟಿಂಗ್ ಬರೆದರಾಯಿತು. ನಾನು ಮೊದಲು ಎಲ್ಲವನ್ನೂ ಕಾಮನ್‌ಗೆ ಹಾಕಿ ಅಪ್ಪನಿಂದ ಬೈಸಿಕೊಂಡಿದ್ದೆ.

ಯಂತ್ರದ್ದು ಅಂದರೆ ಹಾರ್ಡ್‌ವೇರ್ ಕಾನ್ಫಿಗರೇಶನ್ ಫೈಲು, ಬೂಟ್ ಲೋಡರ್, ಹೋಸ್ಟ್ ಹೆಸರು, ಸ್ಟೇಟ್ ವರ್ಷನ್. ಹಾರ್ಡ್‌ವೇರ್ ಫೈಲನ್ನು ಯಾವತ್ತೂ ಹಂಚಬೇಡಿ. ಅದರಲ್ಲಿ ಆ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ. ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗುವಾಗ ಇಲ್ಲದ ಡಿಸ್ಕಿಗೆ ಕಾಯುತ್ತಾ ಕೂರುತ್ತದೆ. ಸ್ಟೇಟ್ ವರ್ಷನ್ ಆ ಯಂತ್ರಕ್ಕೆ ಮೊದಲು ಇನ್‌ಸ್ಟಾಲ್ ಮಾಡಿದ ಆವೃತ್ತಿ. ಅಪ್‌ಗ್ರೇಡ್ ಮಾಡಿದೆ ಅಂತ ಸುಮ್ನೆ ಅದನ್ನು ಏರಿಸಬೇಡಿ.

ಇನ್ನು ಜಾಸ್ತಿ ಜನ ಮುಗ್ಗರಿಸುವ ಜಾಗ. ನಿಕ್ಸ್ ಮಾಡ್ಯೂಲ್‌ಗಳಲ್ಲಿ (ಕಾನ್ಫಿಗರೇಶನ್ನಿನ ಒಂದೊಂದು ತುಂಡು ಫೈಲು) ಪಟ್ಟಿಗಳು ಕೂಡಿಕೊಳ್ಳುತ್ತವೆ, ಒಂಟಿ ಮೌಲ್ಯಗಳು ಜಗಳ ಆಡುತ್ತವೆ. ಕಾಮನ್ ಫೈಲಿನಲ್ಲಿ ಹತ್ತು ಪ್ಯಾಕೇಜ್, ನಿಮ್ಮಪ್ಪನ ಫೈಲಿನಲ್ಲಿ ಎರಡು ಇದ್ದರೆ ಅಪ್ಪನಿಗೆ ಹನ್ನೆರಡು ಬರುತ್ತವೆ. ಅದರಿಂದ ಒಂದನ್ನು ಕಳೆಯುವ ಸುಲಭದ ದಾರಿ ಇಲ್ಲ. ಹಾಗಾಗಿ ಕಾಮನ್ ಪಟ್ಟಿ ಚಿಕ್ಕದಿರಲಿ. ನನ್ನದರಲ್ಲಿ ಗಿಟ್, ಒಂದು ಎಡಿಟರ್, ಎಚ್‌ಟಾಪ್ ಬಿಟ್ಟರೆ ಏನೂ ಇಲ್ಲ. ಒಂಟಿ ಮೌಲ್ಯದ ಕಥೆ ಬೇರೆ. ಕಾಮನ್‌ನಲ್ಲಿ ಬ್ಲೂಟೂತ್ ಆನ್, ಹೋಸ್ಟ್ ಫೈಲಿನಲ್ಲಿ, ಅಂದರೆ ಆ ಯಂತ್ರದ ಫೈಲಿನಲ್ಲಿ, ಆಫ್ ಅಂತ ಬರೆದರೆ ಬಿಲ್ಡ್ ಎರರ್ ಕೊಟ್ಟು ನಿಲ್ಲುತ್ತದೆ. ಕಾಮನ್‌ನಲ್ಲಿರುವ ಆಯ್ಕೆಗೆ ಎಂಕೆಡೀಫಾಲ್ಟ್ ಹಾಕಿದರೆ ಅದು ಸಲಹೆ ಆಗುತ್ತದೆ, ಹೋಸ್ಟ್ ಹೇಳಿದ್ದೇ ಗೆಲ್ಲುತ್ತದೆ. ಆದ್ಯತೆಯ ಅಂಕಿ ಎಂಕೆಡೀಫಾಲ್ಟಿಗೆ 1000, ಮಾಮೂಲಿ ಬರಹಕ್ಕೆ 100, ಒತ್ತಾಯದ ಎಂಕೆಫೋರ್ಸಿಗೆ 50. ಕಡಿಮೆ ಅಂಕಿಗೆ ಗೆಲುವು. ಎಂಕೆಫೋರ್ಸ್ ಪದೇ ಪದೇ ಬರೆಯುವ ಹಾಗಾದರೆ ಆ ಸಾಲು ಕಾಮನ್‌ನಲ್ಲಿ ಇರಲೇಬಾರದಿತ್ತು ಅಂತ ತಿಳಿಯಿರಿ.

ತಮ್ಮನ ವಿಷಯಕ್ಕೆ ಬರೋಣ. ಹೋಮ್ ಮ್ಯಾನೇಜರನ್ನು ಸಿಸ್ಟಮ್ಮಿನ ಒಳಗೆ ಮಾಡ್ಯೂಲ್ ಆಗಿ ಸೇರಿಸಿದರೆ ಒಂದೇ ರೀಬಿಲ್ಡ್‌ನಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಅವನು ಒಂದು ಶೆಲ್ ಅಲಿಯಾಸ್ ಬದಲಿಸಬೇಕಾದರೂ ರೂಟ್ ಅಧಿಕಾರ ಬೇಕು. ಪ್ರತ್ಯೇಕವಾಗಿ ಇಟ್ಟರೆ ಅವನೇ ತನ್ನ ಹೋಮ್ ಸ್ವಿಚ್ (ಹೊಸ ಸೆಟ್ಟಿಂಗಿಗೆ ಬದಲಿಸುವುದು) ಮಾಡಿಕೊಳ್ಳಬಹುದು, ಸುಡೊ ಬೇಡ. ನಾನಾಗಿದ್ದರೆ ಅಪ್ಪನದ್ದನ್ನು ಸಿಸ್ಟಮ್ಮಿನ ಒಳಗಿಡುತ್ತಿದ್ದೆ, ತಮ್ಮನದ್ದನ್ನು ಹೊರಗೆ. ಒಂದೇ ಹೋಮ್ ಫೈಲು ಎರಡೂ ರೀತಿಯಲ್ಲಿ ನಡೆಯುತ್ತದೆ, ಅದರೊಳಗೆ ಸಿಸ್ಟಮ್ಮಿನ ಸೆಟ್ಟಿಂಗ್ ಓದುವ ಓಎಸ್‌ಕಾನ್ಫಿಗ್ ಬಳಸದಿದ್ದರೆ ಸಾಕು. ಹೊರಗೆ ಇಟ್ಟಾಗ ಅದು ಸಿಗುವುದಿಲ್ಲ. ಮೊದಲ ಸಲ ಓಡಿಸುವಾಗ ಹೋಮ್ ಫೋಲ್ಡರಿನಲ್ಲಿ ಈಗಾಗಲೇ ಇರುವ ಡಾಟ್ ಫೈಲುಗಳನ್ನು (ಚುಕ್ಕಿಯಿಂದ ಶುರುವಾಗುವ ಸೆಟ್ಟಿಂಗ್ ಫೈಲುಗಳು) ನೋಡಿ ಹೋಮ್ ಮ್ಯಾನೇಜರ್ ಮುಷ್ಕರ ಹೂಡುತ್ತದೆ. ಬ್ಯಾಕಪ್ ಎಕ್ಸ್‌ಟೆನ್ಶನ್ ಕೊಟ್ಟುಬಿಡಿ.

ಪಾಸ್‌ವರ್ಡು, ವೈಫೈ ಕೀ ಇಂಥವನ್ನು ನೇರವಾಗಿ ಕಾನ್ಫಿಗ್‌ನಲ್ಲಿ ಬರೆಯಲೇಬೇಡಿ. ರೆಪೊ ಪ್ರೈವೇಟ್ ಇದ್ದರೂ ಸಾಲದು. ಬಿಲ್ಡ್ ಆದದ್ದೆಲ್ಲ ಹೋಗಿ ಕೂರುವ ನಿಕ್ಸ್ ಸ್ಟೋರನ್ನು ಆ ಯಂತ್ರದ ಯಾವ ಬಳಕೆದಾರನೂ ಓದಬಹುದು. ಗುಟ್ಟುಗಳನ್ನು ಎನ್‌ಕ್ರಿಪ್ಟ್ ಮಾಡಿಡುವ ಏಜ್‌ನಿಕ್ಸ್ ಅಥವಾ ಸಾಪ್ಸ್‌ನಿಕ್ಸ್ ಹಾಕಿಕೊಳ್ಳಿ. ಯಂತ್ರದ ಎಸ್‌ಎಸ್‌ಎಚ್ ಹೋಸ್ಟ್ ಕೀಗೆ ಲಾಕ್ ಮಾಡಿ ಇಡಬಹುದು, ಆ ಯಂತ್ರದಲ್ಲೇ ಬಿಚ್ಚಿಕೊಳ್ಳುತ್ತದೆ. ಯಂತ್ರ ಫಾರ್ಮ್ಯಾಟ್ ಮಾಡಿದರೆ ಹೋಸ್ಟ್ ಕೀ ಹೊಸದಾಗುತ್ತದೆ. ಆಗ ಮತ್ತೆ ಲಾಕ್ ಮಾಡಬೇಕು, ಇದನ್ನು ನಾನು ಒಂದು ರಾತ್ರಿ ಪೂರ್ತಿ ಕಳೆದು ಕಲಿತೆ. ಮ್ಯೂಟಬಲ್ ಯೂಸರ್ಸ್ (ಪಾಸ್‌ವರ್ಡನ್ನು ಕಾನ್ಫಿಗ್‌ನ ಹೊರಗೂ ಬದಲಿಸಲು ಬಿಡುವ ಆಯ್ಕೆ) ಆಫ್ ಮಾಡುವ ಮುಂಚೆ ಹ್ಯಾಶ್ ಮಾಡಿದ ಪಾಸ್‌ವರ್ಡ್ ಫೈಲು ಸರಿಯಿದೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ಮನೆಗೆ ನೀವೇ ಬೀಗ ಹಾಕಿಕೊಂಡು ಹೊರಗೆ ನಿಂತ ಹಾಗೆ.

ನೆಟ್‌ವರ್ಕ್ ಮೂಲಕ ಎನ್‌ಎಫ್‌ಎಸ್‌ನಲ್ಲಿ ಫೈಲ್ ಹಂಚಿಕೊಳ್ಳುವುದಿದ್ದರೆ ಪ್ರತಿಯೊಬ್ಬರ ಯುಐಡಿಯನ್ನೂ (ಬಳಕೆದಾರರ ಸಂಖ್ಯೆ) ಕೈಯಾರೆ ಬರೆಯಿರಿ. ಬಿಟ್ಟರೆ ಒಂದು ಯಂತ್ರದಲ್ಲಿ ನೀವು 1000, ಇನ್ನೊಂದರಲ್ಲಿ ತಮ್ಮ 1000, ಆಗ ನಿಮ್ಮ ಫೈಲು ಅವನದ್ದಾಗಿ ಕಾಣುತ್ತದೆ.

ಫ್ಲೇಕ್, ಅಂದರೆ ರೆಪೊಗೆ ಬೇಕಾದ ಮೂಲಗಳನ್ನೆಲ್ಲ ಒಂದೇ ಕಡೆ ಬರೆದಿಡುವ ವಿಧಾನ, ಬೇಕಾ ಅಂತ ಕೇಳಿದ್ದಿರಿ. ಇನ್ನೂ ಪ್ರಾಯೋಗಿಕ ಅನ್ನುವ ಹಣೆಪಟ್ಟಿ ಇದ್ದರೂ ನಾನು ಹೌದು ಅನ್ನುತ್ತೇನೆ, ಆ ಮೂಲಗಳ ನಿಖರ ಆವೃತ್ತಿ ಹಿಡಿದಿಡುವ ಲಾಕ್ ಫೈಲಿಗಾಗಿ. ಒಂದು ಎಚ್ಚರ: ಹೊಸ ಫೈಲು ಮಾಡಿ ಗಿಟ್ ಆಡ್ ಮಾಡದಿದ್ದರೆ ಫ್ಲೇಕಿಗೆ ಅದು ಕಾಣುವುದೇ ಇಲ್ಲ. ಫೈಲು ಕಣ್ಣೆದುರೇ ಇರುತ್ತದೆ, ಎರರ್ ಮಾತ್ರ ಇಲ್ಲ ಅನ್ನುತ್ತದೆ. ತಲೆ ಕೆಡುತ್ತದೆ.

ಲಾಕ್ ಫೈಲು ಒಂದೇ ಆದ್ದರಿಂದ ನಿಮ್ಮ ಅಪ್‌ಡೇಟ್ ಹುಚ್ಚು ಅಪ್ಪನ ಲ್ಯಾಪ್‌ಟಾಪಿಗೂ ತಗಲುತ್ತದೆ. ಅದಕ್ಕೆ ಎರಡು ನಿಕ್ಸ್‌ಪ್ಯಾಕೇಜಸ್ (ಪ್ಯಾಕೇಜುಗಳ ಸಂಗ್ರಹ) ಇನ್‌ಪುಟ್ ಇಡಿ: ನಿಮಗೆ ಅನ್‌ಸ್ಟೇಬಲ್, ಅಪ್ಪನಿಗೆ ಸ್ಟೇಬಲ್. ಸ್ಟೇಬಲ್ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಒಂದೊಂದಕ್ಕೂ ಏಳು ತಿಂಗಳ ಬೆಂಬಲ, ಅಂದರೆ ಬದಲಾಯಿಸಿಕೊಳ್ಳಲು ಒಂದು ತಿಂಗಳು ಸಿಗುತ್ತದೆ. ಹೋಮ್ ಮ್ಯಾನೇಜರಿನ ಶಾಖೆಯೂ ಅದಕ್ಕೆ ಹೊಂದುವಂಥದ್ದೇ ಇರಬೇಕು. ಬಿಲ್ಡ್ ಡೆಸ್ಕ್‌ಟಾಪಿನಲ್ಲೇ ಮಾಡಿ, ಟಾರ್ಗೆಟ್ ಹೋಸ್ಟ್ ಆಯ್ಕೆಯಿಂದ ಎಸ್‌ಎಸ್‌ಎಚ್ ಮೂಲಕ ಕಳಿಸಿ. ಪಾಪ, ಆ ಹಳೇ ಲ್ಯಾಪ್‌ಟಾಪ್ ಬಿಲ್ಡ್ ಮಾಡಲಾರದು. ಸ್ವಿಚ್ ಬದಲು ಬೂಟ್ ಕೊಟ್ಟರೆ ಅಪ್ಪ ಪೇಪರ್ ಓದುತ್ತಿರುವಾಗ ಪರದೆ ಹಾರುವುದಿಲ್ಲ, ಮುಂದಿನ ಬೂಟ್‌ಗೆ ಹೊಸದು ಬರುತ್ತದೆ. ಕೆಟ್ಟರೆ ಬೂಟ್ ಮೆನುವಿನಲ್ಲಿ ಹಿಂದಿನ ಆವೃತ್ತಿ ಆರಿಸಲು ಅವರಿಗೆ ಈಗಲೇ ಕಲಿಸಿ. ಅದರಿಂದ ಸಿಸ್ಟಮ್ ಹಿಂದಕ್ಕೆ ಹೋಗುತ್ತದೆ, ಅಳಿಸಿಹೋದ ಫೋಟೊ ವಾಪಸ್ ಬರುವುದಿಲ್ಲ. ಬ್ಯಾಕಪ್ ಬೇರೆಯೇ ಇರಲಿ.

ಹೊಸ ರೆಪೊಗೆ ಸರಿಸುವಾಗ ನಿಮ್ಮ ಲ್ಯಾಪ್‌ಟಾಪಿನಿಂದ ಶುರು ಮಾಡಿ. ಬರೀ ಬಿಲ್ಡ್ ಮಾಡಿ, ಸ್ವಿಚ್ ಬೇಡ. ಹಳೇ ಸಿಸ್ಟಮ್, ಹೊಸ ಬಿಲ್ಡ್ ಎರಡನ್ನೂ ಡಿಫ್-ಕ್ಲೋಜರ್ಸ್ ಕಮಾಂಡಿಗೆ ಕೊಟ್ಟರೆ ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು ಅಂತ ತೋರಿಸುತ್ತದೆ. ನೀವು ತೆಗೆಯದೇ ಇದ್ದದ್ದು ಮಾಯವಾಗಿದ್ದರೆ ಯಾವುದೋ ಸಾಲು ತಪ್ಪು ಫೈಲಿಗೆ ಹೋಗಿದೆ. ಅಪ್ಪನ ಯಂತ್ರ ಕೊನೆಗೆ, ಅದೂ ನೀವು ಊರಿನಲ್ಲಿರುವಾಗ.